ವೇಗದ ಓಟದ ಹಾದಿಗುರುತು

ನೆಲದ ಮೇಲಿನ ವೇಗದಾಖಲೆಗಾಗಿ ನಡೆಯುವ ಓಟಗಳಲ್ಲಿ, ವಾಹನ ಹಿಡಿಯಬೇಕಾದ ನೇರ ದಾರಿಯನ್ನು ಚಾಲಕನ ಕಣ್ಣಿಗೆ ಕಾಣಿಸುವ ಗೆರೆ, ಬಾವುಟ, ಕೋನ್ ಮತ್ತು ಮೈಲಿ ಫಲಕಗಳ ಏರ್ಪಾಡನ್ನು ಹಾದಿಗುರುತು ಎನ್ನಬಹುದು. ಈ ಓಟಗಳು ನಡೆಯುವುದು ಡಾಂಬರು ರಸ್ತೆಯಲ್ಲಲ್ಲ. ಒಣಗಿದ ಉಪ್ಪಿನ ಕೆರೆ, ಬಿರುಕುಬಿಟ್ಟ ಜೇಡಿಬಯಲು, ಹಿಂದಿನ ಕಾಲಕ್ಕೆ ಕಡಲತಡಿಯ ಮರಳು ಇವುಗಳ ಕಣ. ಅಲ್ಲಿ ಅಂಚಿಲ್ಲ, ಸೇತುವೆಯಿಲ್ಲ, ಮರವಿಲ್ಲ. ಗುರುತು ಹಾಕಿದ ಮೇಲಷ್ಟೇ ಹಾದಿ ಹುಟ್ಟುತ್ತದೆ.

ಕರ್ನಾಟಕದಲ್ಲಿ ಇಂಥ ಬಯಲಿಲ್ಲ. ಕನಕಪುರ, ರಾಮನಗರ, ಮಾಗಡಿಗಳ ಕಡೆಯಂತೂ ಬಂಡೆ ಗುಡ್ಡಗಳ ಸೀಮೆ. ಹದಿನೈದು ಕಿಲೋಮೀಟರ್ ಸಪಾಟು ನೆಲ ಅಲ್ಲಿ ಕನಸಿನ ಮಾತು. ಆದರೆ ಇದೇ ಸೀಮೆಯನ್ನು ಸೀಳಿಕೊಂಡು ಬೆಂಗಳೂರು–ಮೈಸೂರು ಹೆದ್ದಾರಿ ಹೋಗುತ್ತದೆ, ಕನಕಪುರದ ಪೇಟೆಯನ್ನು ಹಾದು ಕೊಯಮತ್ತೂರಿನ ಹೆದ್ದಾರಿ ಹೋಗುತ್ತದೆ. ವೇಗ ಏರಿದಂತೆ ಕಣ್ಣಿಗೆ ಏನಾಗುತ್ತದೆ ಎಂಬ ಪ್ರಶ್ನೆ ಉಪ್ಪಿನ ಬಯಲಿನಲ್ಲಿ ಎಷ್ಟು ದೊಡ್ಡದೋ ಚನ್ನಪಟ್ಟಣದ ಬೈಪಾಸಿನಲ್ಲೂ ಅಷ್ಟೇ ದೊಡ್ಡದು. ಆದ್ದರಿಂದ ಈ ಲೇಖನ ಅಲ್ಲಿಂದ ಹೊರಟು ಇಲ್ಲಿಗೆ ಬರುತ್ತದೆ.

ಕಣ್ಣಿನ ಲೆಕ್ಕ

ಗಂಟೆಗೆ 100 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. 400 ಕಿ.ಮೀ. ವೇಗಕ್ಕೆ 111 ಮೀಟರ್, 1000 ಕಿ.ಮೀ. ವೇಗಕ್ಕೆ 278 ಮೀಟರ್. ಒಂದು ಕಿಲೋಮೀಟರ್ ಮುಂದಿರುವ ಫಲಕವನ್ನು ತಲುಪಲು ಮೊದಲನೆಯವನಿಗೆ 36 ಸೆಕೆಂಡ್ ಇದೆ, ಎರಡನೆಯವನಿಗೆ 9, ಮೂರನೆಯವನಿಗೆ ನಾಲ್ಕು ಸೆಕೆಂಡೂ ಇಲ್ಲ. ನೋಡುವುದು, ಅರ್ಥಮಾಡಿಕೊಳ್ಳುವುದು, ಕೈ ಅಲುಗಿಸುವುದು ಎಲ್ಲವೂ ಆ ಅವಧಿಯೊಳಗೇ ಮುಗಿಯಬೇಕು.

ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಒಂದು ಕಿಲೋಮೀಟರ್ ದೂರದಲ್ಲಿ ಅದು ಸುಮಾರು 29 ಸೆಂಟಿಮೀಟರ್ ಆಗುತ್ತದೆ, ಅಂದರೆ ಗೇಣಿಗಿಂತ ತುಸು ಹೆಚ್ಚು. ಆ ದೂರದಿಂದ ಒಂದು ಅಂಕಿಯನ್ನು ಓದಬೇಕಾದರೆ ಅದರ ಒಂದೊಂದು ಗೀಟೂ ಗೇಣಗಲ ಇರಬೇಕು, ಅಂಕಿ ಆಳೆತ್ತರ ಇರಬೇಕು. ವೇಗದ ಬಯಲುಗಳಲ್ಲಿ ಮೈಲಿ ಫಲಕದ ಮೇಲೆ ಒಂದೇ ಒಂದು ದೊಡ್ಡ ಅಂಕಿ ಬರೆದು ಬಿಡುವುದು ಇದಕ್ಕಾಗಿ.

ನೆಲದ ಮೇಲೆ ಬಳಿದ ಗುರುತಿನ ಕಥೆ ಇನ್ನೂ ಕಷ್ಟದ್ದು. ಸ್ಟ್ರೀಮ್‌ಲೈನರ್ ಎಂಬ ಉದ್ದನೆಯ ಮೀನಿನಾಕಾರದ ವಾಹನದಲ್ಲಿ ಚಾಲಕ ಬೆನ್ನ ಮೇಲೆ ಒರಗಿ ಮಲಗಿರುತ್ತಾನೆ. ಕಣ್ಣು ನೆಲದಿಂದ ಮುಕ್ಕಾಲು ಮೀಟರ್ ಎತ್ತರದಲ್ಲಿದ್ದರೆ ಹೆಚ್ಚು. ಅಷ್ಟು ತಗ್ಗಿನಿಂದ ನೋಡಿದರೆ ನೆಲದ ಮೇಲಿನ ಮೂರು ಮೀಟರ್ ಉದ್ದದ ಪಟ್ಟೆಯ ಎರಡು ತುದಿಗಳು ಬೇರೆ ಬೇರೆಯಾಗಿ ಕಾಣುವುದು ಹೆಚ್ಚೆಂದರೆ 90 ಮೀಟರ್ ದೂರದವರೆಗೆ. ಗಂಟೆಗೆ 400 ಕಿ.ಮೀ. ವೇಗದಲ್ಲಿ ಆ 90 ಮೀಟರಿಗೆ ಒಂದು ಸೆಕೆಂಡೂ ಬೇಡ. ಬಸ್ಸಿನ ಚಾಲಕನ ಕಣ್ಣು ಎರಡು ಮೀಟರಿಗೂ ಮೇಲಿರುವುದರಿಂದ ಅದೇ ಪಟ್ಟೆಯನ್ನು ಅವನು ಒಂದೂವರೆ ಪಟ್ಟಿಗೂ ಹೆಚ್ಚು ದೂರದಿಂದ ಬಿಡಿಸಿ ನೋಡುತ್ತಾನೆ. ಗೆರೆ ಒಂದೇ, ನೋಡುವ ಎತ್ತರ ಬದಲಾದರೆ ಅದು ಬೇರೆಯೇ ಗೆರೆ. ನನ್ನ ಮಟ್ಟಿಗೆ ಈ ಇಡೀ ಶಾಸ್ತ್ರದ ತಿರುಳು ಇದು. ಗುರುತು ಹಾಕುವವನು ನಿಂತುಕೊಂಡು ನೋಡಿ ಸರಿ ಅಂದರೆ ಸಾಲದು, ಓಡಿಸುವವನ ಕಣ್ಣಿನ ಮಟ್ಟಕ್ಕೆ ಬಾಗಿ ನೋಡಬೇಕು.

ಬಿಸಿಲೇರಿದಾಗ ಇನ್ನೊಂದು ತೊಡಕು ಸೇರುತ್ತದೆ. ಕಾದ ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತೆಳ್ಳಗಾಗಿ ಬೆಳಕು ಬಾಗುತ್ತದೆ, ದೂರದ ನೆಲವೆಲ್ಲ ನೀರಿನಂತೆ ಹೊಳೆಯುತ್ತದೆ. ಬಿಸಿಲ್ಗುದುರೆ ಎಂದು ನಮ್ಮವರು ಕರೆದದ್ದು ಇದನ್ನೇ. ಅದು ನೆಲದ ಗೆರೆಯನ್ನು ನುಂಗಿ, ನೆಟ್ಟ ಕೋಲಿನ ಬುಡವನ್ನೂ ನುಂಗುತ್ತದೆ. ತಲೆ ಮಾತ್ರ ತೇಲುವಂತೆ ಕಾಣುತ್ತದೆ. ಹಾಗಾಗಿ ಬಣ್ಣ ಬಟ್ಟೆ ಏನಿದ್ದರೂ ಕೋಲಿನ ಮೇಲ್ಭಾಗದಲ್ಲಿ ಇರುವುದೇ ಲೇಸು. ಹತ್ತಿರಕ್ಕೆ ಗೆರೆ, ದೂರಕ್ಕೆ ಎದ್ದು ನಿಂತ ಗುರುತು ಎಂಬ ಎರಡು ಪದರದ ಏರ್ಪಾಡು ಬಂದದ್ದು ಈ ಕಾರಣಗಳಿಂದ.

ಕಪ್ಪು ಗೆರೆ

ಅಮೆರಿಕದ ಯೂಟಾ ರಾಜ್ಯದಲ್ಲಿ ವೆಂಡೋವರ್ ಊರಿನ ಬಳಿಯ ಬಾನವಿಲ್ ಉಪ್ಪಿನ ಬಯಲು ಈ ಓಟಗಳ ತವರು. ಚಳಿಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಆರಿ ಹೊಸ ಉಪ್ಪಿನ ಪದರ ಕಟ್ಟುತ್ತದೆ. ಹಿಂದಿನ ವರ್ಷದ ಗುರುತು ಅದರ ಜತೆಗೇ ಅಳಿಯುತ್ತದೆ. ವರ್ಷ ವರ್ಷವೂ ಹಾದಿಯನ್ನು ಹೊಸದಾಗಿ ಆರಿಸಿ, ಉಪ್ಪನ್ನು ಮಟ್ಟ ಮಾಡಿ, ಸರ್ವೆಯವರನ್ನು ಕರೆಸಿ ಅಳೆದು, ಓಟದ ಹಿಂದಿನ ದಿನ ಗುರುತು ಹಾಕಬೇಕು. ಬಹುಕಾಲ ಈ ಕೆಲಸವನ್ನು ಯೂಟಾದ ಹೆದ್ದಾರಿ ಇಲಾಖೆಯೇ ಮಾಡುತ್ತಿತ್ತು. 1990ರ ದಶಕದ ಹೊತ್ತಿಗೆ ಅದು ಓಟ ನಡೆಸುವ ಸಂಘಗಳ ಹೆಗಲಿಗೆ ಬಂತು.

ಇಲ್ಲಿ 1935ರ ಸೆಪ್ಟೆಂಬರ್‌ನಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಗಂಟೆಗೆ 301 ಮೈಲಿ, ಅಂದರೆ 484 ಕಿ.ಮೀ. ಮುಟ್ಟಿದ ಮೇಲೆ ಕಡಲತಡಿಯ ಓಟಗಳ ಕಾಲ ಮುಗಿಯಿತು. ಬಿಳಿ ಉಪ್ಪಿನ ನಡುವೆ ಉದ್ದಕ್ಕೆ ಎಳೆದ ಅಗಲವಾದ ಕಪ್ಪು ಗೆರೆ ಬಾನವಿಲ್ಲಿನ ಚಹರೆಯೇ ಆಯಿತು. ಬಿಳಿಯ ಮೇಲೆ ಕಪ್ಪಿಗಿಂತ ಎದ್ದು ಕಾಣುವ ಬಣ್ಣ ಇಲ್ಲ. ಚಾಲಕ ಗೆರೆಯನ್ನು ಮೂಗಿನ ನೇರಕ್ಕೆ ಹಿಡಿದರೆ ಸಾಕಿತ್ತು.

ಆ ಗೆರೆಯನ್ನು ನಂಬಿ ಓಡಿದವರಲ್ಲಿ ರೋಲಿ ಫ್ರೀ ಎಂಬ ಮೋಟಾರ್‌ಸೈಕಲ್ ಸವಾರನ ಸಂಗತಿ ಎಲ್ಲಕ್ಕಿಂತ ಬೆರಗಿನದು. 1948ರ ಸೆಪ್ಟೆಂಬರ್ 13ರಂದು ಗಾಳಿಯ ತಡೆ ಕಡಿಮೆಯಾಗಲೆಂದು ಅವನು ಚರ್ಮದ ಉಡುಪನ್ನು ಕಳಚಿ, ಬರೀ ಈಜುಚಡ್ಡಿಯಲ್ಲಿ ವಿನ್ಸೆಂಟ್ ಗಾಡಿಯ ಮೇಲೆ ಬೋರಲು ಮಲಗಿ, ಕಾಲನ್ನು ಹಿಂದಕ್ಕೆ ಚಾಚಿ ಓಡಿಸಿದ. ತಲೆ ತಗ್ಗಿಸಿದವನಿಗೆ ಮುಂದಿನದು ಕಾಣುವಂತಿರಲಿಲ್ಲ. ಕೆಳಗೆ ಹರಿಯುತ್ತಿದ್ದ ಕಪ್ಪು ಗೆರೆಯನ್ನೇ ನೋಡುತ್ತ ದಾರಿ ಹಿಡಿದ. ಗಂಟೆಗೆ 150.313 ಮೈಲಿ, ಸುಮಾರು 242 ಕಿ.ಮೀ. ವೇಗ ದಾಖಲಾಯಿತು. ಆ ಫೋಟೋ ನೋಡಿದವರು ಸವಾರನ ಧೈರ್ಯವನ್ನು ಹೊಗಳುತ್ತಾರೆ. ಹೊಗಳಬೇಕಾದದ್ದೇ. ಆದರೆ ಮೈಲಿಗಟ್ಟಲೆ ಗೆರೆಯನ್ನು ಸೊಟ್ಟಗಾಗದಂತೆ ಎಳೆದವರ ಕೈಯಲ್ಲೂ ಅವನ ಪ್ರಾಣವಿತ್ತು.

ನಡುಗೆರೆಗೆ ಒಂದು ದೋಷವಿತ್ತು. ಎಲ್ಲರೂ ಅದರ ಮೇಲೆಯೇ ಓಡಿದ್ದರಿಂದ ಬೇಗ ಸವೆಯುತ್ತಿತ್ತು. ಕ್ರಮೇಣ ಗೆರೆಯನ್ನು ಹಾದಿಯ ಎರಡು ಬದಿಗೆ ಸರಿಸಿದರು. ಅದರಿಂದ ಚಾಲಕನಿಗೆ ಅಗಲದ ಅಂದಾಜೂ ಸಿಕ್ಕಿತು. ಎರಡು ಗೆರೆ ದಿಗಂತದಲ್ಲಿ ಕೂಡುವ ಬಿಂದುವೇ ಗುರಿ. ಬಣ್ಣದ ಖರ್ಚು ಏರುತ್ತ ಹೋದಂತೆ ಸಂಘಗಳು ಬಾವುಟ, ಕೋನ್‌ಗಳಿಗೆ ತಿರುಗಿದವು. ಬಾನವಿಲ್ಲಿನಲ್ಲಿ ಕಪ್ಪು ಗೆರೆಯ ಮೇಲೆ ನಡೆದ ಕೊನೆಯ ಕೂಟ 2009ರ ಆಗಸ್ಟ್ ತಿಂಗಳ ಸ್ಪೀಡ್ ವೀಕ್. ಬಾವುಟಕ್ಕೆ ಗೆರೆಗಿಲ್ಲದ ಒಂದು ಗುಣವಿದೆ, ಗಾಳಿ ಯಾವ ಕಡೆಯಿಂದ ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಹೇಳುತ್ತದೆ. ಅಡ್ಡಗಾಳಿ ಈ ಓಟದ ದೊಡ್ಡ ಶತ್ರು. ಆದರೂ ಬಾವುಟ ಬಿಡಿ ಬಿಡಿಯಾದದ್ದು. ಎರಡರ ನಡುವಿನ ಹಾದಿಯನ್ನು ಮನಸ್ಸೇ ತುಂಬಿಕೊಳ್ಳಬೇಕು. ಗೆರೆಯ ಭರವಸೆ ಅದಕ್ಕಿಲ್ಲ.

ಸ್ಪೀಡ್ ವೀಕ್ 1949ರಿಂದ ನಡೆದುಬಂದ ಕೂಟ. ಅಲ್ಲಿ ಒಂದೇ ಬಯಲಿನಲ್ಲಿ ಹಲವು ಹಾದಿಗಳು ಅಕ್ಕಪಕ್ಕ ಇರುತ್ತವೆ. ಒಂದು ಹಾದಿಯ ಗುರುತನ್ನು ಇನ್ನೊಂದರದೆಂದು ತಿಳಿದರೆ ಅನಾಹುತ. ಅಂತರರಾಷ್ಟ್ರೀಯ ದಾಖಲೆಗೆ ಒಂದು ಗಂಟೆಯೊಳಗೆ ಎರಡು ದಿಕ್ಕಿನಲ್ಲೂ ಓಡಬೇಕು, ಎರಡರ ಸರಾಸರಿಯೇ ದಾಖಲೆ. ಹಾಗಾಗಿ ಹೋಗುವಾಗ ಸರಿಯಾಗಿ ಕಾಣುವ ಫಲಕ ಬರುವಾಗಲೂ ಸರಿಯಾಗಿ ಕಾಣಬೇಕು, ಸೂರ್ಯ ಬೆನ್ನಿಗಿದ್ದರೂ ಕಣ್ಣಿಗಿದ್ದರೂ.

ಎದ್ದು ಕಾಣಬೇಕಾದದ್ದು ಹಾದಿ ಮಾತ್ರವಲ್ಲ, ವಾಹನವೂ. 1938ರ ಆಗಸ್ಟ್‌ನಲ್ಲಿ ಜಾರ್ಜ್ ಐಸ್ಟನ್ ತನ್ನ ಥಂಡರ್‌ಬೋಲ್ಟ್ ಕಾರನ್ನು ಬಾನವಿಲ್ಲಿನಲ್ಲಿ ಓಡಿಸಿದಾಗ ಸಮಯ ಅಳೆಯುವ ವಿದ್ಯುತ್ ಕಣ್ಣು ಅದನ್ನು ಗುರುತಿಸಲೇ ಇಲ್ಲ. ಬಿಳಿ ಉಪ್ಪಿನ ಮುಂದೆ ಹೊಳೆಯುವ ಅಲ್ಯೂಮಿನಿಯಂ ಕಾರು ಯಂತ್ರಕ್ಕೆ ಕಾಣದೇ ಹೋಯಿತು. ಅವನು ಕಾರಿನ ಪಕ್ಕಕ್ಕೆ ದೊಡ್ಡದೊಂದು ಕಪ್ಪು ಬಾಣದ ಗುರುತನ್ನೂ ಹಳದಿ ವೃತ್ತವನ್ನೂ ಬಳಿಸಿ ಮತ್ತೆ ಓಡಿದ. 27ರಂದು ಗಂಟೆಗೆ 345 ಮೈಲಿ, ಸುಮಾರು 556 ಕಿ.ಮೀ. ದಾಖಲೆ ಅವನದಾಯಿತು.

ಹಾದಿಯ ಕೊನೆ

ವೇಗ ಅಳೆಯುವ ಮೈಲಿಯನ್ನು ದಾಟಿದ ಮೇಲೆ ನಿಲ್ಲುವುದಕ್ಕೂ ಹಾದಿ ಬೇಕು, ಆ ಹಾದಿಗೂ ಗುರುತು ಬೇಕು. 1964ರ ಅಕ್ಟೋಬರ್ 15ರಂದು ಕ್ರೇಗ್ ಬ್ರೀಡ್‌ಲವ್ ಗಂಟೆಗೆ 526 ಮೈಲಿಯ (ಸುಮಾರು 847 ಕಿ.ಮೀ.) ದಾಖಲೆ ಮಾಡಿದ ಓಟದ ತುದಿಯಲ್ಲಿ ಪ್ಯಾರಾಚೂಟುಗಳು ಕಳಚಿಹೋದವು. ಕಾರು ಹಾದಿ ಬಿಟ್ಟು, ಟೆಲಿಫೋನ್ ಕಂಬವನ್ನು ಮುರಿದು, ಉಪ್ಪುನೀರಿನ ಹೊಂಡಕ್ಕೆ ಬಿತ್ತು. ಚಾಲಕ ಈಜಿ ದಡ ಸೇರಿದ. 1997ರ ಅಕ್ಟೋಬರ್ 15ರಂದು ಆಂಡಿ ಗ್ರೀನ್ ಥ್ರಸ್ಟ್ ಎಸ್‌ಎಸ್‌ಸಿ ಕಾರಿನಲ್ಲಿ ಗಂಟೆಗೆ 1,228 ಕಿ.ಮೀ. ವೇಗದಲ್ಲಿ ಧ್ವನಿಯನ್ನೂ ಮೀರಿದಾಗ ಒಂದು ಮೈಲಿಗೆ ಹಿಡಿದದ್ದು ಐದು ಸೆಕೆಂಡಿಗೂ ಕಡಿಮೆ. ಮೈಲಿ ಫಲಕ ಅಲ್ಲಿ ಓದುವ ವಸ್ತುವಲ್ಲ, ಎಣಿಸುವ ವಸ್ತು.

ಗ್ರೀನ್ ಓಡಿದ್ದು ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿಯ ಜೇಡಿಬಯಲಿನಲ್ಲಿ. ಇಂಥ ಕಾರುಗಳ ಲೋಹದ ಗಾಲಿ ಜೇಡಿಯ ಪದರವನ್ನು ಸೀಳಿಬಿಡುವುದರಿಂದ ಒಂದು ಓಟ ಕಂಡ ಸಾಲಿನಲ್ಲಿ ಇನ್ನೊಂದು ಓಟ ಆಗದು. ಪಕ್ಕಪಕ್ಕದಲ್ಲಿ ಹಲವು ಹಾದಿಗಳನ್ನು ಗುರುತಿಸಿಟ್ಟುಕೊಳ್ಳಬೇಕು. ದಕ್ಷಿಣ ಆಫ್ರಿಕಾದ ಹಾಕ್ಸ್‌ಕೀನ್ ಪ್ಯಾನ್ ಎಂಬ ಒಣಕೆರೆಯಲ್ಲಿ ಬ್ಲಡ್‌ಹೌಂಡ್ ಎಂಬ ವೇಗದಾಖಲೆಯ ಕಾರಿಗಾಗಿ ಸುಮಾರು 19 ಕಿ.ಮೀ. ಹಾದಿ ಮಾಡಿದಾಗ ಮಿಯರ್ ಸಮುದಾಯದ ಮುನ್ನೂರಕ್ಕೂ ಹೆಚ್ಚು ಜನ ಸುಮಾರು 16,000 ಟನ್ ಕಲ್ಲನ್ನು ಕೈಯಲ್ಲೇ ಆರಿಸಿ ತೆಗೆದರು. ರಾಗಿಯಲ್ಲಿ ಕಲ್ಲು ಆರಿಸಿದ ಹಾಗೆ. ಆ ಕಾರು 2019ರ ನವೆಂಬರ್‌ನಲ್ಲಿ ಗಂಟೆಗೆ 1,010 ಕಿ.ಮೀ. ಮುಟ್ಟಿತು.

ಉಪ್ಪಿನ ಬಯಲು ಸಿಗುವ ಮೊದಲು ವೇಲ್ಸಿನ ಪೆಂಡೈನ್, ಫ್ಲಾರಿಡಾದ ಡೇಟೋನಾ ಮರಳತಡಿಗಳಲ್ಲಿ ಓಟ ನಡೆಯುತ್ತಿತ್ತು. ಒಂದು ಕಡೆ ಕಡಲು, ಒಂದು ಕಡೆ ಮರಳದಿಬ್ಬ, ನಡುವೆ ಇಳಿತ ಬಿಟ್ಟುಕೊಟ್ಟ ಪಟ್ಟಿ. ಉಬ್ಬರ ಬಂದರೆ ಗುರುತೂ ಹೋಯಿತು, ಹಾದಿಯೂ ಹೋಯಿತು. 1929ರ ಮಾರ್ಚ್ 11ರಂದು ಡೇಟೋನಾದಲ್ಲಿ ಗಂಟೆಗೆ 231 ಮೈಲಿ ಓಡಿದ ಹೆನ್ರಿ ಸೀಗ್ರೇವ್‌ನ ಗೋಲ್ಡನ್ ಆ್ಯರೋ ಕಾರಿನ ಮೂತಿಯ ಮೇಲೆ, ಓರೆಯಾಗಿ ಸರಿಯದಿರಲೆಂದು, ಬಂದೂಕಿನ ಗುರಿನೋಟದಂಥ ದೂರದರ್ಶಕವನ್ನೇ ಕೂರಿಸಿದ್ದರು. ನೆಲದಲ್ಲಿ ಗೆರೆ ನಿಲ್ಲದ ಕಡೆ ಕಾರಿನಲ್ಲೇ ಗೆರೆ ಹೊತ್ತುಕೊಂಡು ಹೋದಂತೆ. ಆಸ್ಟ್ರೇಲಿಯಾದಲ್ಲಿ ಐರ್ ಕೆರೆಯ ಮೇಲೆ 1964ರ ಜುಲೈ 17ರಂದು ಡೊನಾಲ್ಡ್ ಕ್ಯಾಂಪ್‌ಬೆಲ್ 403 ಮೈಲಿಯ ದಾಖಲೆ ಮಾಡಿದ. ಹಿಂದಿನ ವರ್ಷ ಮಳೆ ಬಂದು ಅವನ ಹಾದಿ ಮುಳುಗಿತ್ತು. ಈಗ ಆ ದೇಶದ ವಾರ್ಷಿಕ ವೇಗದ ಕೂಟ ಗೇರ್ಡ್ನರ್ ಕೆರೆಯಲ್ಲಿ ನಡೆಯುತ್ತದೆ.

ನಮ್ಮ ನೆಲದಲ್ಲಿ

ಕರ್ನಾಟಕದಲ್ಲಿ ನೇರ ಹಾದಿಯ ವೇಗಕ್ಕೆ ಹಳೆಯ ಉದಾಹರಣೆ ಮೋಟಾರಿನದಲ್ಲ, ಕೋಣಗಳದು. ಕರಾವಳಿಯ ಕಂಬಳದ ಕೆಸರಿನ ಹಾದಿಗೆ ಕರೆ ಎಂದು ಹೆಸರು. ಎರಡು ಕರೆ ಅಕ್ಕಪಕ್ಕ ಇದ್ದರೆ ಜೋಡುಕರೆ. ಓಟ ಮುಗಿಯುವ ತುದಿ ಮಂಜೊಟ್ಟಿ. ಕನೆಹಲಗೆ ವಿಭಾಗದಲ್ಲಿ ಕರೆಗೆ ಅಡ್ಡವಾಗಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಬಟ್ಟೆಯ ನಿಶಾನೆ ಕಟ್ಟುತ್ತಾರೆ, ಹಲಗೆಯಿಂದ ಚಿಮ್ಮಿದ ನೀರು ಅದನ್ನು ಮುಟ್ಟಬೇಕು. ನಿಶಾನೆ ಎಂಬ ಮಾತು ಈ ಲೇಖನಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಐಕಳದಲ್ಲಿ 2020ರ ಫೆಬ್ರವರಿ 1ರಂದು ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಲೋಕದಲ್ಲೆಲ್ಲ ಸುದ್ದಿಯಾಯಿತು. ಆ ಓಟಗಾರನಿಗೂ ಎರಡು ಬದಿಯ ದಂಡೆ ಮತ್ತು ಎದುರಿನ ಮಂಜೊಟ್ಟಿಯೇ ಕಣ್ಣಿನ ಆಧಾರ. ಮೋಟಾರ್ ರ‍್ಯಾಲಿಗಳಲ್ಲಿ, ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ–1000ದಂಥವುಗಳಲ್ಲಿ, ಹಾದಿಯನ್ನು ಕಣ್ಣಿಗಿಂತ ಹೆಚ್ಚಾಗಿ ಜತೆಗಾರ ಓದಿ ಹೇಳುವ ಟಿಪ್ಪಣಿಯೇ ತೋರಿಸುವುದರಿಂದ ಅದು ಬೇರೆ ಜಾತಿಯ ವಿದ್ಯೆ.

ಗಂಟೆಗೆ 250 ಕಿ.ಮೀ. ದಾಟುವ ವೇಗದಲ್ಲಿ ನಮ್ಮ ನಾಡಿನ ನೆಲವನ್ನು ದಿನವೂ ಉಜ್ಜುವವು ವಿಮಾನಗಳು. ರನ್‌ವೇಯ ನಡುಗೆರೆಯ ಒಂದೊಂದು ಪಟ್ಟೆ ಸುಮಾರು 30 ಮೀಟರ್ ಉದ್ದ, ನಡುವಿನ ಖಾಲಿ ಜಾಗ ಸುಮಾರು 20 ಮೀಟರ್. ಮಾಗಡಿ ಸೀಮೆಯನ್ನಾಳಿದ ಕೆಂಪೇಗೌಡರ ಮನೆತನದ ಹೆಸರು ಹೊತ್ತ ದೇವನಹಳ್ಳಿಯ ನಿಲ್ದಾಣದಲ್ಲಿ ಕಿಟಕಿಯಿಂದ ಪುಟ್ಟದಾಗಿ ಕಾಣುವ ಪಟ್ಟೆ, ಪಕ್ಕದಲ್ಲಿ ನಿಂತರೆ ಎರಡು ಬಸ್ಸುಗಳನ್ನು ಉದ್ದಕ್ಕೆ ನಿಲ್ಲಿಸುವಷ್ಟು ದೊಡ್ಡದು. ವೇಗ ಹೆಚ್ಚಿದಂತೆ ಪಟ್ಟೆಯೂ ಉದ್ದವಾಗಬೇಕೆಂಬ ನಿಯಮ ಹೆದ್ದಾರಿಗೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 35 ಎಂಬ ಸಂಹಿತೆ ರಸ್ತೆಗೆರೆಗಳ ಅಳತೆಗಳನ್ನು ಗೊತ್ತುಮಾಡುತ್ತದೆ.

ಬೆಂಗಳೂರು–ಮೈಸೂರು ನಡುವಿನ ರಾಷ್ಟ್ರೀಯ ಹೆದ್ದಾರಿ 275ರ ಹೊಸ ಹಾದಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಬಿಡದಿಯನ್ನೂ, ರಾಮನಗರ–ಚನ್ನಪಟ್ಟಣಗಳನ್ನೂ ಬೈಪಾಸಿನಲ್ಲಿ ಬಳಸಿ ಹೋಗುವ ಈ ಹಾದಿಯಲ್ಲಿ ನಡುವೆ ಆರು ಪಥ, ಬದಿಯಲ್ಲಿ ಸರ್ವಿಸ್ ರಸ್ತೆ. ಮೊದಲ ತಿಂಗಳುಗಳಲ್ಲಿ ಒಂದರ ಹಿಂದೆ ಒಂದು ಅಪಘಾತಗಳಾದವು. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ ಬಂತು, ಕ್ಯಾಮೆರಾ ಬಂತು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಹಾದಿಯಿಂದ ಹೊರಗಿಟ್ಟರು. ಅಗಲವಾದ ನೇರ ರಸ್ತೆ ಉಪ್ಪಿನ ಬಯಲಿನಂತೆಯೇ ಕಣ್ಣಿಗೆ ಮೋಸ ಮಾಡುತ್ತದೆ. ಹತ್ತಿರದಲ್ಲಿ ಹಿಂದಕ್ಕೆ ಸರಿಯುವ ಮರ, ಮನೆ, ಬೇಲಿ ಇಲ್ಲವಾದರೆ ವೇಗ ಮೈಗೆ ತಿಳಿಯುವುದಿಲ್ಲ. ಅಲ್ಲಿ ಲೇನಿನ ಪಟ್ಟೆಗಳ ಲಯವೇ ಚಾಲಕನಿಗೆ ವೇಗವನ್ನು ನೆನಪಿಸುವ ನಾಡಿಬಡಿತ.

ಹೆದ್ದಾರಿಯ ಬಿಳಿಪಟ್ಟೆ ಬರೀ ಬಣ್ಣವಲ್ಲ. ಕಾಯಿಸಿ ಕರಗಿಸಿದ ಥರ್ಮೋಪ್ಲಾಸ್ಟಿಕ್ ಪದಾರ್ಥವನ್ನು ಹಾಸಿ, ಅದು ಆರುವ ಮೊದಲು ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳನ್ನು ಮೇಲೆ ಉದುರಿಸುತ್ತಾರೆ. ಹೆಡ್‌ಲೈಟಿನ ಬೆಳಕು ಮಣಿಯೊಳಗೆ ಹೊಕ್ಕು ಬಂದ ದಾರಿಯಲ್ಲೇ ಮರಳಿ ಚಾಲಕನ ಕಣ್ಣಿಗೆ ಬರುತ್ತದೆ. ಮಳೆ ಹುಯ್ದು ಪಟ್ಟೆಯ ಮೇಲೆ ನೀರಿನ ಪೊರೆ ಕಟ್ಟಿದರೆ ಮಣಿಯ ಕೆಲಸ ಕೆಡುತ್ತದೆ, ಗೆರೆ ಮಾಯವಾಗುತ್ತದೆ. ಆಗ ಕೈ ಹಿಡಿಯುವುದು ನೆಲದಿಂದ ತುಸು ಎದ್ದ ಕ್ಯಾಟ್ಸ್ ಐ ಮತ್ತು ಬದಿಯ ರಿಫ್ಲೆಕ್ಟರ್ ಕಂಬಗಳು. ಬೆಕ್ಕಿನ ಕಣ್ಣಿನ ಹೆಸರಿನ ಈ ಸಾಧನವನ್ನು 1934ರಲ್ಲಿ ಪೇಟೆಂಟ್ ಮಾಡಿಸಿದವನು ಯಾರ್ಕ್‌ಷೈರಿನ ಪರ್ಸಿ ಶಾ. ಹತ್ತಿರಕ್ಕೆ ಗೆರೆ, ದೂರಕ್ಕೆ ಎದ್ದು ನಿಂತ ಗುರುತು ಎಂಬ ಬಾನವಿಲ್ಲಿನ ನಿಯಮವೇ ಇಲ್ಲೂ ಬೇರೆ ವೇಷದಲ್ಲಿದೆ.

ಹೊರಗಿಟ್ಟ ಬೈಕು, ಆಟೊಗಳು ಸರ್ವಿಸ್ ರಸ್ತೆಗೆ ಇಳಿದವು. ರಾಮನಗರದ ಮಾರುಕಟ್ಟೆಗೆ ನಸುಕಿನಲ್ಲಿ ರೇಷ್ಮೆಗೂಡು ತರುವ ಗೂಡ್ಸ್ ಆಟೊಗಳ ದಾರಿಯೂ ಅದೇ. ಮಂದ ಹೆಡ್‌ಲೈಟು, ತಗ್ಗಿನ ಕಣ್ಣು, ಮಾಗಿಯ ಮಂಜು ಇವು ಮೂರೂ ಕೂಡಿದ ಆ ಚಾಲಕನಿಗೆ ಮುಖ್ಯ ಹಾದಿಯ ಕಾರಿನವನಿಗಿಂತ ಒಳ್ಳೆಯ ಗೆರೆ ಬೇಕು. ನಮ್ಮಲ್ಲಿ ಇದು ತಲೆಕೆಳಗಾಗಿದೆ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ದೊಡ್ಡ ರಸ್ತೆಗೆ ಗಾಜಿನ ಮಣಿ, ಹಳ್ಳಿಯ ಬಾಗಿಲಿಗೆ ಗುರುತಿಲ್ಲದ ಹಂಪು.

ಕಗ್ಗಲೀಪುರ, ಹಾರೋಹಳ್ಳಿ ದಾಟಿ ಕನಕಪುರಕ್ಕೆ, ಅಲ್ಲಿಂದ ಸಾತನೂರು, ಹಲಗೂರು, ಮಳವಳ್ಳಿಗಳ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 ತಿರುವು ಏರಿಳಿತಗಳ ಹಾದಿ. ಇಂಥ ಹಾದಿಗೆ ಹಿಂದಿನವರು ಕಂಡುಕೊಂಡ ಗುರುತು ಸಾಲುಮರ. ನೆರಳಿಗೆಂದು ನೆಟ್ಟದ್ದಾದರೂ, ಸುಣ್ಣದ ಪಟ್ಟೆ ಬಳಿದ ಹುಣಸೆ, ಆಲಗಳ ಬೊಡ್ಡೆಗಳು ರಾತ್ರಿ ಹೊತ್ತು ರಸ್ತೆ ಎತ್ತ ತಿರುಗುತ್ತದೆಂದು ದೂರದಿಂದಲೇ ಹೇಳುತ್ತವೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ 385 ಆಲದ ಮರಗಳ ಹಾದಿಯಲ್ಲಿ ದೀಪ ಹಾಕಿಕೊಂಡು ಹೋದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ: ಎರಡು ಬದಿಯ ಬೊಡ್ಡೆಗಳ ಸಾಲು ಒಂದು ಬಿಂದುವಿನಲ್ಲಿ ಕೂಡುತ್ತದೆ, ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ವೇಗ ಮಿತಿಮೀರಿದರೆ ಅದೇ ಬೊಡ್ಡೆ ಅಪಾಯವೂ ಹೌದು.

ಸುಗ್ಗಿಯಲ್ಲಿ ಈ ಸೀಮೆಯ ಹಳ್ಳಿ ರಸ್ತೆಗಳು ಕಣವಾಗುತ್ತವೆ. ರಾಗಿ ತೆನೆ, ಹುರುಳಿ ಗಿಡಗಳನ್ನು ಡಾಂಬರಿನ ಮೇಲೆ ಹರವಿ, ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸುತ್ತಾರೆ. ಬೆಳೆಯ ಮೇಲೆ ಎಲ್ಲರೂ ಹಾಯಲೆಂದೋ ಅಂಚಿಗೆ ಚೆಲ್ಲದಿರಲೆಂದೋ ಬದಿಗೆ ದಪ್ಪ ಕಲ್ಲು ಇಡುತ್ತಾರೆ. ಕೂಲಿ ಸಿಗದ ರೈತನ ಕಷ್ಟ ಇದರ ಹಿಂದಿದೆ, ಬೈದು ಪ್ರಯೋಜನವಿಲ್ಲ. ಆದರೆ ಕತ್ತಲಾದ ಮೇಲೆ ಅಂಚಿನ ಗೆರೆ ಹುಲ್ಲಿನಡಿ ಹುದುಗಿ, ಕಲ್ಲು ಮಾತ್ರ ಉಳಿದಿರುತ್ತದೆ. ಹಾಕ್ಸ್‌ಕೀನ್ ಪ್ಯಾನ್‌ನಲ್ಲಿ ಮುನ್ನೂರು ಜನ ಮಾಡಿದ ಕೆಲಸವನ್ನು ಇಲ್ಲಿ ಸಂಜೆ ಒಬ್ಬರು ಮಾಡಿದರೂ ಸಾಕು. ಕಲ್ಲನ್ನು ಎತ್ತಿ ಚರಂಡಿಯಾಚೆ ಇಟ್ಟು, ಪೊರಕೆಯಿಂದ ಹೊಟ್ಟನ್ನು ಗುಡಿಸಿದರೆ, ಕೊನೆಯ ಬಸ್ಸು ಬರುವ ಹೊತ್ತಿಗೆ ಬಿಳಿ ಅಂಚು ಮತ್ತೆ ಕಾಣುತ್ತದೆ.